ಅಚ್ಚು ಬಿಡದ ಪಿಂಗಾಣಿ ಆನೆ

ಗೌರಿ ಹುಣ್ಣಿಮೆಗೆ ಭಾವಿ ಸೊಸೆಗೆ ಸಕ್ಕರೆ ಗೊಂಬೆಗಳ ಆರತಿ ಕೊಡುವುದು ನಮ್ಮ ಕಲಬುರಗಿ ಕಡೆಯ ಪದ್ಧತಿ. ಅದಕ್ಕೆಂದೇ ಅವ್ವ ತನ್ನ ಅತ್ತೆಯ ಕಾಲದ ಮರದ ಅಚ್ಚುಗಳನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಉಪ್ಪಲ್‌ನ ನನ್ನ ಮನೆಗೆ ಬಂದಿದ್ದಳು. ನನ್ನ ಜೊತೆ ನಿಶ್ಚಿತಾರ್ಥವಾದ ಮೇಲೆ ಸಹನಾಗೆ ಇದು ಮೊದಲ ಗೌರಿ ಹುಣ್ಣಿಮೆ. ಆ ಅಚ್ಚಿನ ಗೊಂಬೆ ಅವಳ ಕೈ ಸೇರಬೇಕು. ಅವ್ವನ ಆಸೆ ಅಷ್ಟೇ.

ನಾನು ಕಾಲೇಜಿನಲ್ಲಿ ಚರ್ಚಾಪಟುವಾಗಿದ್ದವನು. ತಕ್ಷಣ ವಿರೋಧ ಮಂಡಿಸಿದೆ. ಸಕ್ಕರೆಗೆ ಇರುವೆ ಬರುತ್ತದೆ, ತಿಂದರೆ ಮುಗಿಯುತ್ತದೆ. ಗೊಂಬೆ ಮಾಡಲೆಂದೇ ಸಿಗುವ, ಸುಡದೆಯೂ ಗಟ್ಟಿಯಾಗುವ ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ ಅದೇ ಅಚ್ಚಿಗೆ ಸುರಿದರೆ ಗೊಂಬೆ ಜೀವಮಾನವಿಡೀ ಉಳಿಯುತ್ತದೆ. ಪ್ರೀತಿಯೂ ಹಾಗೇ ಇರಬೇಕಲ್ಲವೇ?

"ಪ್ರೀತಿ ತಿನ್ನಾಕೂ ಬರಬೇಕೋ," ಎಂದಳು ಅವ್ವ. ಆದರೂ ಅಚ್ಚು ಕೊಟ್ಟಳು.

ಪುಡಿಯ ಪ್ಯಾಕೆಟ್ಟಿನ ಮೇಲೆ, ಅಂಟದಂತೆ ಮೊದಲು ಅಚ್ಚಿಗೆ ಲೇಪ ಹಚ್ಚಿ ಎಂದಿತ್ತು. ಲೇಪ ಮಾರುವುದೂ ಅದೇ ಕಂಪನಿ. ಲಾಭ ಪಡೆಯುವವನೇ ಸಾಕ್ಷಿ ಹೇಳಿದರೆ ನಂಬುವುದು ಹೇಗೆ? ತಿರಸ್ಕರಿಸಿದೆ.

"ಎಣ್ಣಿಯಾರ ಸವರೋ. ಸಕ್ರಿಗೂ ನಾವು ಅಚ್ಚು ನೀರಾಗ ನೆನಿ ಹಾಕ್ತೀವಿ."

"ಯಾಕೆ?"

"ನಮ್ಮತ್ತಿ ಹಾಕ್ತಿದ್ರು."

"ಅದು ರೂಢಿ ಅವ್ವಾ, ಕಾರಣ ಅಲ್ಲ."

"ಆತಪಾ, ನೀನ ಶಾಣ್ಯಾ."

ಆನೆಯ ಒಣ ಅಚ್ಚಿಗೆ ಸುರಿದೆ. ಗಟ್ಟಿಯಾದ ಮೇಲೆ ಎರಡು ಹೋಳುಗಳನ್ನು ಎಳೆದೆ. ಬರಲಿಲ್ಲ. ಚಾಕು ತೂರಿಸಿದೆ. ಆನೆ ಬಂತು: ಅರ್ಧ ಈ ಹೋಳಿನಲ್ಲಿ, ಅರ್ಧ ಆ ಹೋಳಿನಲ್ಲಿ. ಎರಡೂ ಜಾಗ ಬಿಟ್ಟು ಕದಲಲಿಲ್ಲ.

ಒಂದು ಸೋಲಿಗೆ ಹೆದರುವವನಲ್ಲ ನಾನು. ಗಿಣಿಯ ಅಚ್ಚಿಗೆ ಕೊಬ್ಬರಿ ಎಣ್ಣೆ ಸುರಿದೆ. ಸವರಲಿಲ್ಲ, ಸುರಿದೆ. ಎಣ್ಣೆ ಕೊಕ್ಕಿನ ಗುಳಿಯಲ್ಲಿ ನಿಂತುಬಿಟ್ಟಿತು. ಕೊಕ್ಕೇ ಇಲ್ಲದ, ಮೈತುಂಬ ತೂತಿನ ಹಕ್ಕಿಯೊಂದು ಹೊರಬಂತು.

"ಇದಕ್ಕ ಹುಳ ಬಿದ್ದಾವೇನು?" ಅವ್ವ ನಿಜವಾದ ಕಾಳಜಿಯಿಂದಲೇ ಕೇಳಿದಳು.

ಬಸವಣ್ಣನ ಅಚ್ಚಿಗೆ ಮುಖದ ಪೌಡರ್ ಬಳಿದೆ. ಅದೂ ಪಿಂಗಾಣಿಯ ಜೊತೆ ಸೇರಿಕೊಂಡು ಮರಕ್ಕೆ ಕಚ್ಚಿತು. ಕೊಂಬುಗಳು ಒಳಗೇ ಉಳಿದವು. ಪರಿಮಳ ಮಾತ್ರ ಚೆನ್ನಾಗಿತ್ತು.

ಸಂಜೆಯಾಗಿತ್ತು. ಊರಿನ ಆ ತುದಿಯ ಆಫೀಸಿನಿಂದ ಸಹನಾ ಹೊರಟಿದ್ದಳು. ಅವಳನ್ನು ತಡವಾಗಿಸಲು ಗಚ್ಚಿಬೌಲಿಯ ಟ್ರಾಫಿಕ್ ಮೇಲೆ ಭಾರ ಹಾಕಿದ್ದೆ. ಅಂದು ಅದೂ ಕೈಕೊಟ್ಟಿತು.

ಅವ್ವ ಬೈಯಲಿಲ್ಲ. ಭಯವಾದದ್ದು ಅದಕ್ಕೇ. ನೆಲಕ್ಕೆ ಕೂತು ಹೇರ್‌ಪಿನ್ನಿನಿಂದ ಆನೆಯ ಕಿವಿ ಕೆದಕತೊಡಗಿದಳು. "ನಮ್ಮತ್ತಿ ನನಗ ಕೊಟ್ಟ ಮೊದಲನೇ ಆನಿ ಇದರಾಗಿಂದ," ಎಂದಳು, ಅಚ್ಚಿಗೇ ಹೇಳುವಂತೆ.

ಒಳಗೆ ಬಂದ ಸಹನಾ ಒಮ್ಮೆ ನೋಡಿದಳು, ಬ್ಯಾಗ್ ಇಳಿಸಿ ಅವ್ವನ ಪಕ್ಕ ಕೂತಳು.

"ಕೊಡಿ ಅತ್ತೆ, ಗಿಣಿ ನಾನು ಕ್ಲೀನ್ ಮಾಡ್ತೀನಿ. ಮೈಸೂರಲ್ಲಿ ನಮ್ಮಮ್ಮನೂ ಸಂಕ್ರಾಂತಿಗೆ ಅಚ್ಚು ನೆನೆಸ್ತಾರೆ. ಮರ ಮೊದಲೇ ನೀರು ಕುಡಿದಿದ್ರೆ ಪಾಕ ಹಿಡ್ಕೊಳ್ಳಲ್ಲ. ಇವರು ನೆನೆಸಲಿಲ್ವಾ?"

"ಕಾರಣ ಕೇಳಿದ ನೋಡವ್ವ."

ಇಬ್ಬರೂ ನಕ್ಕರು, ಎಷ್ಟೋ ವರ್ಷದ ಪರಿಚಯದವರಂತೆ. ನನಗೆ ಚಹಾ ಮಾಡುವ ಜವಾಬ್ದಾರಿ ಸಿಕ್ಕಿತು.

ಕೊನೆಗೆ ಗಿಣಿಯ ಅಚ್ಚೊಂದೇ ಸ್ವಚ್ಛವಾಯಿತು. ನೆನೆಸಿ, ಹೋಳುಗಳನ್ನು ಸೇರಿಸಿ ದಾರ ಕಟ್ಟಿ, ಸಕ್ಕರೆ ಪಾಕ ಹೊಯ್ದರು. ಆರಿದ ಮೇಲೆ ಬಿಚ್ಚಿದರೆ ಗಿಣಿ ಬೆಳ್ಳಗೆ, ಕೊಕ್ಕಿನ ಸಮೇತ ಹೊರಬಂತು. ಅವ್ವ ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಸಹನಾಳ ಕೈಗೆ ಕೊಟ್ಟಳು. ಇಬ್ಬರ ಕಣ್ಣೂ ತುಂಬಿತ್ತು.

"ಅತ್ತೆ, ಆರತಿಗೆ ಒಂದೇ ಗೊಂಬೆ ಸಾಕಾ?"

"ಸಾಕವ್ವ. ಇನ್ನೊಂದು ಅಲ್ಲೇ ನಿಂತೈತಲ್ಲ, ಬಾಯಿ ತಕ್ಕೊಂಡು."

ಆಕ್ಷೇಪಿಸಲು ಬಾಯಿ ತೆರೆಯಹೋದೆ. ಅದು ಆಗಲೇ ತೆರೆದಿತ್ತು.