ಹುಬ್ಬಳ್ಳಿ, ಗದಗ, ಬಾದಾಮಿ, ಬಾಗಲಕೋಟೆ ಮತ್ತು ಒಂದು ಸೀಟಿ

ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲಿ ಮನೆಯಿದ್ದು, ಆ ಮನೆಯ ಅಂಗಳದಲ್ಲಿ ಸರ್ಕಸ್ಸಿನ ನಾಲ್ಕು ಕುದುರೆಗಳಿದ್ದರೆ ಏನಾದರೊಂದು ಆಗದೆ ದಿನ ಮುಗಿಯುವುದಿಲ್ಲ. ನಮ್ಮ ಮನೆಯಲ್ಲಂತೂ ಮುಗಿಯುತ್ತಿರಲಿಲ್ಲ. ಆ ದಿನಗಳನ್ನು ನೆನೆದರೆ ಈ ವಯಸ್ಸಿನಲ್ಲೂ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಎದ್ದು ಗೇಟಿನವರೆಗೆ ಹೋಗಿ, ರಸ್ತೆ ನೋಡಿ, ವಾಪಸು ಬಂದು ಕುಳಿತುಕೊಳ್ಳುತ್ತೇನೆ. ಆಗ ರೂಢಿಯಾದದ್ದು, ಬಿಟ್ಟುಹೋಗಿಲ್ಲ.

ಘಟ್ಟದ ಮೇಲಿನವಳು

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ಉಡುಪಿಗೆ ಬಂದಿದ್ದ ಚಿಕ್ಕ ಸರ್ಕಸ್ಸೊಂದು ಮಳೆಗೆ ಸಿಕ್ಕಿ ಡೇರೆ ಬಿಚ್ಚಿತು. ನಮ್ಮವರು ಪಶುವೈದ್ಯರು. ಆ ಸರ್ಕಸ್ಸಿನ ಕುದುರೆಗಳಿಗೆ ಮದ್ದು ಮಾಡುತ್ತಿದ್ದರು. ಹೊರಡುವ ದಿನ ಮ್ಯಾನೇಜರು ಕೈಮುಗಿದು, "ಡಾಕ್ಟರ್ ಸಾಬ್, ಈ ಮಳೆಯಲ್ಲಿ ಲಾರಿಯಲ್ಲಿ ಹಾಕಿದರೆ ಸಾಯುತ್ತವೆ. ನಿಮ್ಮಲ್ಲಿ ಇರಲಿ. ದೀಪಾವಳಿ ಆದ ಮೇಲೆ ಬಂದು ಒಯ್ಯುತ್ತೇನೆ" ಅಂದರಂತೆ. ಇವರು ತಲೆ ಆಡಿಸಿ, ನಾಲ್ಕನ್ನೂ ಅಲೆವೂರಿನ ನಮ್ಮ ಮನೆಗೆ ತಂದು ಬಿಟ್ಟರು. ಮರುವಾರವೇ ಕಾರ್ಕಳದ ಆಸ್ಪತ್ರೆಗೆ ವರ್ಗವಾಗಿ, ಬೆಳಗಿನ ಬಸ್ಸು ಹಿಡಿದು ಹೋಗತೊಡಗಿದರು. ಕುದುರೆಗಳು ನನಗೂ ಅತ್ತೆಗೂ ಉಳಿದವು.

ಗಿಡ್ಡ ಕುದುರೆಗಳು. ಹೊಟ್ಟೆ ದಪ್ಪ, ಕಾಲು ಚಿಕ್ಕದು, ಕೂದಲು ಕಣ್ಣು ಮುಚ್ಚುವಷ್ಟು. ಅತ್ತೆ ಜಗಲಿಯಿಂದ ಇಳಿಯಲೇ ಇಲ್ಲ.

"ಎಂತ ಇದು? ಕುದುರೆಯಾ, ಕರುವಾ?"

"ಕುದುರೆ ಅತ್ತೆ."

"ಹಾಗಾದರೆ ನೀನೇ ನೋಡಿಕೋ. ನೀನು ಘಟ್ಟದ ಮೇಲಿನವಳು ಅಲ್ವಾ? ನಿಮಗೆ ಕುದುರೆ ಎಲ್ಲ ಗೊತ್ತುಂಟು."

ಈ ಕರಾವಳಿಯವರಿಗೆ ಘಟ್ಟದ ಮೇಲಿನವರೆಂದರೆ ಎಲ್ಲರೂ ಕುದುರೆ ಮೇಲೆ ಹುಟ್ಟಿದವರು. ನಾನು ಬಾಗಲಕೋಟೆಯವಳು ನಿಜ. ನಮ್ಮಪ್ಪ ಶಾಲೆಯ ಮಾಸ್ತರರು. ಸ್ಟೇಷನ್ನಿಗೆ ಹೋಗುವಾಗ ಟಾಂಗಾ ಹತ್ತುತ್ತಿದ್ದೆವು, ಅಷ್ಟೇ. ಅಲ್ಲಿಯವರೆಗೆ ನಾನು ಕುದುರೆಯನ್ನು ಹಿಂದಿನಿಂದ ಮಾತ್ರ ನೋಡಿದ್ದೆ.

ಆದರೂ ಆ ನಾಲ್ಕು ಯಾವಾಗಲೂ ಒಂದರ ಹಿಂದೆ ಒಂದು, ಅದೇ ಕ್ರಮದಲ್ಲಿ ನಡೆಯುವುದನ್ನು ಕಂಡು ನನಗೆ ನಮ್ಮೂರಿನ ರೈಲು ನೆನಪಾಯಿತು. ತವರಿಗೆ ಹೋಗಿ ತುಂಬ ದಿನವಾಗಿತ್ತು. ಮುಂದಿನದಕ್ಕೆ ಹುಬ್ಬಳ್ಳಿ ಎಂದು ಹೆಸರಿಟ್ಟೆ, ಅದರ ಹಿಂದಿನದಕ್ಕೆ ಗದಗ, ಆಮೇಲೆ ಬಾದಾಮಿ, ಕೊನೆಯ ಕಂದು ಮರಿಗೆ ಬಾಗಲಕೋಟೆ. ಅದರಿಂದ ಆದ ಕಷ್ಟ ಆ ಹೆಸರುಗಳು ಅತ್ತೆಯ ಬಾಯಿಗೆ ಸಿಕ್ಕ ಮೇಲೆ ಗೊತ್ತಾಯಿತು. ದಿನಾ ಅಂಗಳದಿಂದ ಕೂಗು ಬರುತ್ತಿತ್ತು: "ನೋಡು ಮಾರಾಯ್ತಿ, ಗದಗ ನನ್ನ ಬಸಳೆ ಚಪ್ಪರಕ್ಕೆ ಬಾಯಿ ಹಾಕಿತು! ಬಾಗಲಕೋಟೆ ಬಾವಿಕಟ್ಟೆಯಲ್ಲಿ ಸಗಣಿ ಹಾಕಿತು! ನಿಮ್ಮೂರಿಗೆ ಮರ್ಯಾದೆ ಅಂತ ಒಂದು ಉಂಟಾ?"

ಸತ್ತವು

ಮೊದಲ ವಾರ ಮಳೆ ಜೋರಾಗಿದ್ದ ಬೆಳಗ್ಗೆ ಹುಬ್ಬಳ್ಳಿಯನ್ನು ಕೊಟ್ಟಿಗೆಯೊಳಗೆ ಕಟ್ಟೋಣವೆಂದು ಕುತ್ತಿಗೆಗೆ ಹಗ್ಗ ಹಾಕಿ ಎಳೆದೆ. ಅದು ನನ್ನನ್ನೊಮ್ಮೆ ನೋಡಿ, ಮೊಣಕಾಲೂರಿ, ಪಕ್ಕಕ್ಕೆ ವಾಲಿ, ನಾಲಗೆ ಹೊರಚಾಚಿ ಬಿದ್ದುಬಿಟ್ಟಿತು. ಅದನ್ನು ನೋಡಿ ಗದಗ ಬಿತ್ತು. ಬಾದಾಮಿ ಬಿತ್ತು. ಬಾಗಲಕೋಟೆ ಮಾತ್ರ ಒಣಗಿದ ಜಾಗ ಹುಡುಕಿಕೊಂಡು ಹೋಗಿ ಬಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾನು ಕಿರುಚಿದೆ. ಅತ್ತೆ ಎದೆ ಬಡಿದುಕೊಂಡರು. ಪಕ್ಕದ ಗದ್ದೆಯವರು ಹಾರೆ ಹಿಡಿದುಕೊಂಡೇ ಓಡಿ ಬಂದು, ನಾಲ್ಕನ್ನೂ ನೋಡಿ, "ಹೋಯಿತು ಅಮ್ಮಾ, ಎಲ್ಲ ಒಟ್ಟಿಗೇ ಹೋಯಿತು. ತೆಂಗಿನ ಬುಡದಲ್ಲಿ ಹೊಂಡ ತೆಗೆಯುವಾ, ಮರಕ್ಕೆ ಒಳ್ಳೆಯದು" ಎಂದು ಪಂಚೆ ಎತ್ತಿ ಕಟ್ಟಿದರು. ಹೊಂಡ ಮೊಣಕಾಲಿನವರೆಗೆ ಆಗುವಷ್ಟರಲ್ಲಿ ಮಣಿಪಾಲದ ಬಸ್ಸು ಬಂತು. ನಮ್ಮ ಗೇಟಿನೆದುರೇ ಅದರ ಸ್ಟಾಪು. ಕಂಡಕ್ಟರರು ಉದ್ದಕ್ಕೆ ಸೀಟಿ ಊದಿದರು.

ನಾಲ್ಕು ಹೆಣಗಳು ಧಡಕ್ಕನೆ ಎದ್ದು ಮೈ ಕೊಡವಿ ಸಾಲಾಗಿ ನಿಂತವು. ಹೊಂಡದಲ್ಲಿದ್ದವರು ಹಾರೆ ಅಲ್ಲೇ ಬಿಟ್ಟು ಓಡಿದರು.

ಸಂಜೆ ಇವರು ಬಂದು ನಕ್ಕು ನಕ್ಕು ಹೇಳಿದರು: ಹಗ್ಗ ಎಳೆದರೆ ಸಾಯುವುದು, ಸೀಟಿ ಊದಿದರೆ ಏಳುವುದು, ಚಪ್ಪಾಳೆ ತಟ್ಟಿದರೆ ಮುಂಗಾಲು ಮಡಚಿ ಸಲಾಂ ಹೊಡೆಯುವುದು. ಸರ್ಕಸ್ಸಿನಲ್ಲಿ ಅವುಗಳ ಆಟವೇ ಅದು. ಆದರೆ ಅಷ್ಟು ಹೊತ್ತಿಗೆ ಊರಲ್ಲಿ ಸುದ್ದಿ ಬೇರೆಯೇ ಆಗಿತ್ತು. ಡಾಕ್ಟರ ಮನೆಯಲ್ಲಿ ಸತ್ತದ್ದು ಎದ್ದಿದೆ! ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಒಬ್ಬ ಅಜ್ಜಿ ಸತ್ತ ಕೋಳಿ ಹಿಡಿದುಕೊಂಡು ಜಗಲಿಯಲ್ಲಿ ಕುಳಿತಿದ್ದರು.

ಟೈಮಿಂಗ್

ಉಡುಪಿ ಕಡೆಯ ಖಾಸಗಿ ಬಸ್ಸಿನವರಿಗೆ ದೇವರು, ಮನೆ, ಹೆಂಡತಿ ಎಲ್ಲ ಆಮೇಲೆ. ಮೊದಲು ಟೈಮಿಂಗ್. ಹಿಂದಿನ ಬಸ್ಸು ಮುಂದೆ ಹೋದರೆ ಜನ ಅದಕ್ಕೇ ಹತ್ತುತ್ತಾರೆ. ನಮ್ಮ ಸ್ಟಾಪಿನಲ್ಲಿ ಕಂಡಕ್ಟರರು ಸೀಟಿ ಊದಿದ ಕೂಡಲೇ ನಾಲ್ಕೂ ಎಲ್ಲಿದ್ದರೂ ಓಡಿ ಬಂದು ಬೇಲಿಗೆ ಎದೆಯೊತ್ತಿ ಸಾಲಾಗಿ ನಿಲ್ಲುತ್ತಿದ್ದವು. ಬಸ್ಸಿನಲ್ಲಿದ್ದ ಮಣಿಪಾಲದ ಕಾಲೇಜು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಇವು ಸಲಾಂ ಹೊಡೆಯುತ್ತಿದ್ದವು. ಅವರು ಇನ್ನೂ ತಟ್ಟುತ್ತಿದ್ದರು. ಇವು ಇನ್ನೂ ಹೊಡೆಯುತ್ತಿದ್ದವು. ಇಳಿಯುವವರು ಇಳಿಯುತ್ತಿರಲಿಲ್ಲ, ಹತ್ತುವವರು ಹತ್ತುತ್ತಿರಲಿಲ್ಲ.

ಒಂದು ದಿನ ಕಂಡಕ್ಟರರು ಚೀಲ ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೇ ಬಂದರು.

"ಅಮ್ಮಾ, ನಿಮ್ಮ ಕುದುರೆಯಿಂದ ನಮ್ಮ ಟೈಮಿಂಗ್ ಹೋಯಿತು. ಹಿಂದಿನವನು ದಿನಾ ನಮ್ಮನ್ನು ನೋಡಿ ನಗುತ್ತಾನೆ."

"ಹಾಗಾದರೆ ಊದಬೇಡ" ಅಂದರು ಅತ್ತೆ.

"ಊದದೆ ಬಸ್ಸು ನಿಲ್ಲುವುದು ಹೇಗೆ?"

"ಬಾಯಿ ಇಲ್ವಾ ನಿನಗೆ?"

ಅವರು ಅತ್ತೆಯನ್ನು ದುರುಗುಟ್ಟಿಕೊಂಡು ನೋಡಿದರು. ಅತ್ತೆ ಅವರ ಕೈಗೆ ಪುನರ್ಪುಳಿ ಶರಬತ್ತಿನ ಲೋಟ ಕೊಟ್ಟರು. ಆವತ್ತಿನಿಂದ ಟೈಮಿಂಗ್ ಇನ್ನೂ ಹಾಳಾಯಿತು, ಯಾಕೆಂದರೆ ಅವರು ದಿನಾ ಶರಬತ್ತಿಗೆ ಇಳಿಯತೊಡಗಿದರು.

ದಿನಾ ಅದೇ ಬಸ್ಸಿನಲ್ಲಿ ಹೋಗುವ ಗುಮಾಸ್ತರೊಬ್ಬರು ಮಾತ್ರ ಒಮ್ಮೆ ಕಿಟಕಿಯಿಂದ ತಲೆ ಹಾಕಿ ನನ್ನನ್ನು ಗದರಿಸಿದರು: "ಎಂತ ಅಕ್ಕಾ ಇದು? ಮಳೆಗಾಲದಿಂದ ನೋಡ್ತಾ ಇದ್ದೇನೆ, ಒಂದೇ ಆಟ. ಹೊಸತು ಎಂತದ್ದೂ ಇಲ್ವಾ?"

ಕಾಪುವಿನ ಮದುವೆ

ದೀಪಾವಳಿ ಹೋಯಿತು. ಲಾರಿ ಬರಲಿಲ್ಲ. ಯಾವ ಲಾರಿಯ ಸದ್ದು ಕೇಳಿದರೂ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಗೇಟಿಗೆ ಓಡುತ್ತಿದ್ದೆ. ಮೊದಮೊದಲು, 'ಬಂತೇನೋ, ಪೀಡೆ ತೊಲಗಿತು' ಎಂದು ಓಡುತ್ತಿದ್ದೆ. ಯಾವಾಗ ಬದಲಾಯಿತೋ ತಿಳಿಯದು, ಆಮೇಲೆ 'ಬಂದೇಬಿಟ್ಟಿತೇನೋ' ಎಂದು ಓಡತೊಡಗಿದೆ. ಓಟ ಅದೇ, ಕಾರಣ ಬೇರೆ. ನಾನು ಓಡಿದರೆ ಕುದುರೆಗಳೂ ನನ್ನ ಹಿಂದೆ ಓಡಿ ಬರುತ್ತಿದ್ದವು. ನಾನು ಕಣ್ಣೊರೆಸಿಕೊಂಡರೆ ಬಾಗಲಕೋಟೆ ನನ್ನ ಸೆರಗನ್ನು ಬಾಯಲ್ಲಿ ಹಿಡಿದು ಜಗಿಯುತ್ತಿತ್ತು. ಅದು ಸಮಾಧಾನವೋ ಹಸಿವೋ ಗೊತ್ತಿಲ್ಲ.

ಆ ನಡುವೆ ಕಾಪುವಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಮ್ಮವರ ಬ್ಯಾರಿ ಗೆಳೆಯರೊಬ್ಬರು ಬಂದರು. ಗಲ್ಫಿನಿಂದ ಬಂದ ಮಗನ ಮದುವೆ. ಅವನಿಗೆ ಕುದುರೆ ಮೇಲೆ ಹೋಗಬೇಕಂತೆ.

"ಒಂದು ಸಾಕು ಡಾಕ್ಟ್ರೇ. ಸಂಜೆಗೆ ವಾಪಸು ತಂದು ಬಿಡ್ತೇನೆ."

ಟೆಂಪೋ ತಂದು ಹಲಗೆ ಇಟ್ಟರು. ಕಂಡಕ್ಟರರ ಸೀಟಿ ಎರವಲು ತಂದು ಇವರು ಊದಿದರು. ಹುಬ್ಬಳ್ಳಿ ಹತ್ತಿತು. ಅದರ ಬಾಲ ಹಿಡಿದಂತೆ ಗದಗ ಹತ್ತಿತು. ಉಳಿದೆರಡೂ ಹತ್ತಿದವು. ಮೂರನ್ನು ಇಳಿಸೋಣವೆಂದು ಹಗ್ಗ ಎಳೆದರೆ ನಾಲ್ಕೂ ಟೆಂಪೋದಲ್ಲೇ ಸತ್ತವು. ಕಡೆಗೆ ನಾಲ್ಕೂ ಕಾಪುವಿಗೆ ಹೋದವು. ಅವುಗಳ ಜೊತೆ ನಾನೂ.

ಮದುಮಗ ಆರಡಿ ಎತ್ತರ. ಹುಬ್ಬಳ್ಳಿಯನ್ನು ಹತ್ತಿ ಕುಳಿತರೆ ಎರಡೂ ಕಾಲು ನೆಲಕ್ಕೆ ತಾಗುತ್ತಿದ್ದವು. ಅವನು ಕುದುರೆ ಮೇಲೆ ಹೋಗುತ್ತಿದ್ದಾನೋ, ಕುದುರೆಯನ್ನು ಕಾಲಿನ ನಡುವೆ ಇಟ್ಟುಕೊಂಡು ನಡೆದು ಹೋಗುತ್ತಿದ್ದಾನೋ ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ. ಆದರೂ ಮೆರವಣಿಗೆ ಚೆನ್ನಾಗಿಯೇ ನಡೆಯಿತು. ಹೆಣ್ಣಿನ ಮನೆ ಮುಟ್ಟಿದಾಗ ದಫ್ ಬಾರಿಸುತ್ತಿದ್ದವರ ಜೊತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹುಬ್ಬಳ್ಳಿ ಮುಂಗಾಲು ಮಡಚಿತು. ಮದುಮಗ ಅದರ ಕುತ್ತಿಗೆ ಮೇಲಿಂದ ಜಾರಿ ನೇರ ಮಾವನ ಪಾದದ ಹತ್ತಿರ ಇಳಿದ. ಮಾವ ಕಣ್ಣಲ್ಲಿ ನೀರು ತಂದುಕೊಂಡು ಅವನನ್ನು ಎತ್ತಿ, "ಈ ಕಾಲದಲ್ಲಿ ಇಷ್ಟು ವಿನಯ ಎಲ್ಲುಂಟು?" ಅಂದರು.

ಗೆಳೆಯರು ಮಾತ್ರ ವಾಪಸು ಬಿಡುವಾಗ ನಮ್ಮವರ ಕಿವಿಯಲ್ಲಿ ಹೇಳಿದರು: "ಎರಡನೆಯ ಮಗನನ್ನು ಕಾರಿನಲ್ಲಿ ಕಳಿಸ್ತೇನೆ ಡಾಕ್ಟ್ರೇ. ಕಾರು ಸಲಾಂ ಹೊಡೆಯುವುದಿಲ್ಲ."

ಮ್ಯಾನೇಜರು ಬಂದರು

ಅದರ ಮುಂದಿನ ಬೇಸಿಗೆಯಲ್ಲಿ ಒಂದು ಲಾರಿಯ ಸದ್ದಿಗೆ ನಾನು ಓಡಲಿಲ್ಲ, ಒಲೆಯ ಮೇಲೆ ಸಾರಿತ್ತು. ಬಂದದ್ದು ಆ ಲಾರಿಯೇ. ಇವರು ಕಾರ್ಕಳದಲ್ಲಿದ್ದರು.

ಮ್ಯಾನೇಜರು ಸೊರಗಿದ್ದರು. ಕುತ್ತಿಗೆಯಲ್ಲಿ ಹಿತ್ತಾಳೆಯ ಸೀಟಿ ನೇತಾಡುತ್ತಿತ್ತು. ಊಟಕ್ಕೆ ಕರೆದು ಕೂರಿಸಿದೆವು. ಬಂಗುಡೆ ಮೀನಿನ ಸಾರು ಕಲಸುತ್ತಾ ತಮ್ಮ ಅರೆಬರೆ ಕನ್ನಡದಲ್ಲಿ ಹೇಳಿದರು: "ಸರ್ಕಸ್ ಬಂದ್ ಆಯಿತು ಅಮ್ಮಾ. ಇವಕ್ಕೂ ಜಾಗ ನೋಡಿದ್ದೇನೆ. ಒಂದು ಗೋವಾ ಬೀಚಿಗೆ, ಒಂದು ಊಟಿಗೆ, ಒಂದು ಮೈಸೂರಿಗೆ, ಚಿಕ್ಕದು ಪುಣೆಯ ಬ್ಯಾಂಡಿನವರಿಗೆ."

ಬಾಲ ಹಿಡಿದುಕೊಂಡು ನಡೆಯುವ ನಾಲ್ಕು, ನಾಲ್ಕು ದಿಕ್ಕಿಗೆ! ಆದರೆ ಅವು ನಮ್ಮವಲ್ಲ.

ಅತ್ತೆ ನಗುನಗುತ್ತಾ ಅವರಿಗೆ ಅನ್ನ ಬಡಿಸಿದರು. ಬಡಿಸುತ್ತಾ ನನ್ನೊಡನೆ ತುಳುವಿನಲ್ಲಿ, "ಇನ್ನೂ ಹಾಕು ಈ ಕಳ್ಳನಿಗೆ. ತಿಂದು ಬೀಳಲಿ. ಮುಖ ನೋಡು, ಹಳಸಿದ ಹಲಸಿನ ಹಾಗೆ" ಅಂದರು. ದಿನಾ "ಯಾವಾಗ ತೊಲಗುತ್ತವೆ ಇವು" ಎಂದು ಬೈಯುತ್ತಿದ್ದವರು ಈ ಅತ್ತೆಯೇ!

"ಅಮ್ಮ ಏನು ಹೇಳುತ್ತಾರೆ?" ಎಂದು ಮ್ಯಾನೇಜರು ಕೇಳಿದರು.

"ಸಂಕೋಚ ಮಾಡಬೇಡಿ, ಹೊಟ್ಟೆ ತುಂಬ ಊಟ ಮಾಡಿ ಅನ್ನುತ್ತಿದ್ದಾರೆ" ಅಂದೆ.

ಅವರು ತಲೆಬಾಗಿ ಇನ್ನೊಂದು ಬಂಗುಡೆ ಹಾಕಿಸಿಕೊಂಡರು. ಸೆಕೆಗೆ ಅಂಗಿ ಕಳಚಿ, ಅದರ ಜೊತೆ ಸೀಟಿಯನ್ನೂ ಗೂಟಕ್ಕೆ ತೂಗುಹಾಕಿ ಜಗಲಿಯಲ್ಲಿ ಒಂದು ನಿದ್ದೆ ತೆಗೆದರು. ಎದ್ದವರು, "ಅಮ್ಮಾ, ಒಂದು ಎಲೆಯಡಿಕೆ" ಎಂದರು.

ದಾರಿಹೋಕರನ್ನೂ ಕರೆದು ಎಲೆಯಡಿಕೆ ಕೊಡುವ ಅತ್ತೆ, ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು, "ಮುಗಿದಿದೆ" ಅಂದುಬಿಟ್ಟರು.

ಆಮೇಲೆ ಸೀಟಿಗೆ ಹುಡುಕಾಟ. ಅಂಗಿ ಕೊಡವಿದರು, ಚಾಪೆ ಎತ್ತಿದರು. ನಾನೂ ಹುಡುಕಿದೆ, ನಿಜವಾಗಿಯೂ ಹುಡುಕಿದೆ. ಕಾರ್ಕಳದಲ್ಲಿ ಕಲ್ಲು ತುಂಬಿಸಬೇಕಿದ್ದ ಲಾರಿ ಡ್ರೈವರಿಗೆ ತಾಳ್ಮೆ ಹೋಯಿತು. ಮ್ಯಾನೇಜರು "ಬೇಡ, ಬೇಡ" ಅನ್ನುವಷ್ಟರಲ್ಲಿ ಅವನು ಹುಬ್ಬಳ್ಳಿಗೆ ಹಗ್ಗ ಹಾಕಿ ಎಳೆದ. ನಾಲ್ಕೂ ಸತ್ತವು.

"ಅಯ್ಯೋ ಮಾರಾಯ! ಹೆಣ ಹೊರುವ ಲಾರಿಯಲ್ಲ ನನ್ನದು" ಎಂದು ಅವನು ಹಿಂದೆ ಸರಿದ.

ಅದೇ ಹೊತ್ತಿಗೆ ಮಣಿಪಾಲದ ಬಸ್ಸು ತಿರುವಿನಲ್ಲಿ ಕಾಣಿಸಿತು! ಕಂಡಕ್ಟರರ ತುಟಿಯಲ್ಲಿ ಸೀಟಿ. ಇನ್ನೇನು ಊದಬೇಕು, ಅತ್ತೆ ಡಬ್ಬಿ ಹಿಡಿದುಕೊಂಡೇ ರಸ್ತೆಯ ನಡುವೆ ನಿಂತು ಬಾಯಿಯ ಮೇಲೆ ಬೆರಳಿಟ್ಟರು. ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರರು ಲಾರಿ ನೋಡಿದರು, ಹಗ್ಗ ನೋಡಿದರು, ಅತ್ತೆಯನ್ನು ನೋಡಿದರು. ಸೀಟಿ ಮೆಲ್ಲಗೆ ಅಂಗಿಯೊಳಗೆ ಹೋಯಿತು.

ಮ್ಯಾನೇಜರು ಓಡಿಹೋಗಿ, "ಭಾಯಿ, ಒಂದು ಸಲ ಸೀಟಿ ಕೊಡಿ" ಅಂದರು.

"ಸೀಟಿಯಾ? ನಮ್ಮ ಬಸ್ಸಿನಲ್ಲಿ ಸೀಟಿ ಇಲ್ಲ. ಎಲ್ಲ ಬಾಯಿಯಲ್ಲೇ" ಎಂದವರೇ ಕಂಡಕ್ಟರರು ಒಳಗೆ ತಿರುಗಿ ಪಿಸುದನಿಯಲ್ಲಿ, "ಹೋಗುವಾ" ಅಂದರು. ಡ್ರೈವರಿಗೆ ಕೇಳಿಸಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಒಬ್ಬರಿಂದೊಬ್ಬರಿಗೆ "ಹೋಗುವಾ, ಹೋಗುವಾ" ಎಂದು ಪಿಸುಗುಟ್ಟುತ್ತಾ ಮಾತನ್ನು ಮುಂದೆ ದಾಟಿಸಿದರು. ಚಪ್ಪಾಳೆ ತಟ್ಟುವ ಮಕ್ಕಳು ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು. ಗುಮಾಸ್ತರು ಮಾತ್ರ ಕಿಟಕಿಯಿಂದ ನನ್ನನ್ನು ನೋಡಿ, ಇವತ್ತು ಹೊಸತುಂಟು ಎಂಬಂತೆ ತಲೆದೂಗಿದರು.

ಮ್ಯಾನೇಜರು ವಾಪಸು ಬಂದು ಸತ್ತ ಕುದುರೆಗಳ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಬಾಗಲಕೋಟೆಯ ಹಣೆಗೂದಲು ಸರಿಸಿದರು. ಅದು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು. ಅವರು ಎದ್ದು, ನಮಗೆ ಕೈಮುಗಿದು ಲಾರಿ ಹತ್ತಿದರು.

ಅತ್ತೆ ಗೇಟಿನವರೆಗೆ ಹೋಗಿ, ಮುಖದ ತುಂಬ ನಗು ತಂದುಕೊಂಡು ತುಳುವಿನಲ್ಲಿ ಹೇಳಿದರು: "ಬೇಕಾದರೆ ಊಟಕ್ಕೆ ಬಾ. ಸೀಟಿ ತಂದರೆ ಕಾಲು ಮುರಿಯುತ್ತೇನೆ."

"ಸುಖವಾಗಿ ಹೋಗಿ ಬನ್ನಿ ಅನ್ನುತ್ತಿದ್ದಾರೆ" ಅಂದೆ ನಾನು.

ಲಾರಿ ಹೊರಟಿತು. ನಾಲ್ಕು ಮಾರು ಹೋದ ಮೇಲೆ ಕಿಟಕಿಯಿಂದ ಮ್ಯಾನೇಜರ ತಲೆ ಹೊರಬಂತು. ಅತ್ತೆಯ ತುಳುವಿಗಿಂತ ಅಚ್ಚ ತುಳುವಿನಲ್ಲಿ ಕೂಗಿ ಹೇಳಿದರು:

"ಅಮ್ಮಾ, ಊದುವ ಮೊದಲು ಸೀಟಿ ಚೆನ್ನಾಗಿ ಒರೆಸಿಕೊಳ್ಳಿ. ಡಬ್ಬಿಯ ಸುಣ್ಣ ತಾಗಿದ್ದರೆ ನಾಲಗೆ ಸುಡುತ್ತದೆ!"