ಟೇಕ್ ಡೌನ್

ಇಷ್ಟಕ್ಕೆಲ್ಲ ಕಾರಣ, ಹೆಡ್‌ಮೇಡಂ ಕಿವಿಗೆ ಫೋನ್ ಒತ್ತಿಕೊಂಡೇ ಮೆಟ್ಟಿಲಿಳಿಯುತ್ತ ಅಂದ ಒಂದು ಮಾತು.

"ಬೆಲ್ಲಣ್ಣ, ಆ ಬೋರ್ಡಲ್ಲಿರೋ ಹೆಸರೆಲ್ಲ ಸಂಜೆಯೊಳಗೆ ಟೇಕ್ ಡೌನ್ ಮಾಡಿಬಿಡಿ."

ಮೂವತ್ತೆರಡು ವರ್ಷ ಶಾಲೆಯ ಬೆಲ್ ಹೊಡೆದು ಹೊಡೆದು ಬೆಲ್ಲಣ್ಣನಾದ ಜವಾನನಿಗೆ ಅಂದು ಕೆಲಸದ ಕೊನೇ ದಿನ. ಇಪ್ಪತ್ತೈದು ವರ್ಷ ಮೀರಿ ದುಡಿದವರ ಹೆಸರುಗಳು ಆ ಮರದ ಬೋರ್ಡಿನಲ್ಲಿದ್ದವು. ತನ್ನದೂ ಅಲ್ಲಿ ಬರಲಿ ಅನ್ನುವ ಆಸೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

"ಟೇಕ್ ಡೌನ್ ಅಂದ್ರೇನು ಸಾರ್?" ಗುಮಾಸ್ತರನ್ನು ಕೇಳಿದ.

"ಅಷ್ಟೂ ಗೊತ್ತಿಲ್ವೇನಯ್ಯ? ಟೇಕ್ ಅಂದ್ರೆ ತಗೊ, ಡೌನ್ ಅಂದ್ರೆ ಕೆಳಗೆ. ಇಳಿಸು ಅಂತ!"

ಬೆಲ್ಲಣ್ಣ ಏಣಿ ಹತ್ತಿ, ಏದುಸಿರು ಬಿಡುತ್ತ ಬೋರ್ಡ್ ಇಳಿಸಿದ. ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ವಕ್ಕರಿಸಿದರು. "ಮೇಡಂ ಹೇಳಿದ್ದು ಬೋರ್ಡನ್ನಲ್ಲ ಕಣಯ್ಯ, ಹೆಸರನ್ನ. ಉಜ್ಜಿ ತೆಗಿ!"

ದಿನಾ ಬಟ್ಟೆಯಲ್ಲಿ ಒರೆಸಿದ ಹೆಸರುಗಳನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜುವಾಗ ಒಂದೊಂದನ್ನೂ ಮೆಲ್ಲಗೆ ಓದಿಕೊಂಡ. ಮೇಡಂ ಅವರನ್ನೇ ಒಂದು ಮಾತು ಕೇಳಬಹುದಿತ್ತು. ಕೊನೇ ದಿನ ದಡ್ಡ ಅನ್ನಿಸಿಕೊಳ್ಳುವುದು ಯಾಕೆ ಅಂತ ಉಜ್ಜುತ್ತಲೇ ಹೋದ.

ಸಂಜೆ ಬೋಳು ಹಲಗೆ ನೋಡಿ ಮೇಡಂ ತಲೆ ಮೇಲೆ ಕೈ ಹೊತ್ತರು. "ಅಯ್ಯೋ, ಬರ್ಕೊಳ್ಳಿ ಅಂದಿದ್ದು! ಹೊಸ ಕಲ್ಲಿನ ಫಲಕಕ್ಕೆ ಕೆತ್ತೋರು ಬಂದು ಕೂತಿದಾರೆ."

"ಬರೆಯೋಕೂ ಅದೇ ಮಾತು, ಅಳಿಸೋಕೂ ಅದೇ ಮಾತು ಅಂದ್ರೆ ನನ್ನಂಥೋನು ಏನ್ ಮಾಡ್ಬೇಕು ಮೇಡಂ?"

ಗುಮಾಸ್ತರೂ ಡ್ರಿಲ್ ಮೇಷ್ಟ್ರೂ ಗೋಡೆಯಲ್ಲಿ ಏನೋ ಹುಡುಕತೊಡಗಿದರು.

ಪುಣ್ಯಕ್ಕೆ ಬೆಲ್ಲಣ್ಣನಿಗೆ ಹೆಸರೆಲ್ಲ ಬಾಯಿಪಾಠ. ಅವನು ಹೇಳುತ್ತ ಹೋದ, ಕೆತ್ತುವವನು ಬರೆದುಕೊಂಡ. ಮೇಡಂ ಎಣಿಸಿದರು. "ಇಪ್ಪತ್ತು. ಮುಗೀತು, ಸದ್ಯ!"

"ಇನ್ನೊಂದಿದೆ ಮೇಡಂ. ಎಲ್ಲಕ್ಕಿಂತ ಮೇಲೆ, ಪೂರ್ತಿ ಮಾಸಿಹೋಗಿತ್ತು. ನಿಮಗೆ ಕಂಡಿರಲ್ಲ. ಇಲ್ಲಿ ನೀರು ತುಂಬಿಸ್ತಿದ್ದ ಅಜ್ಜಿ. ನಂಗೆ ಬೆಲ್ ಹೊಡೆಯೋದು ಕಲಿಸಿದೋಳು." ಅಜ್ಜಿಯ ಹೆಸರನ್ನು ಅಕ್ಷರ ಬಿಡಿಸಿ ಬರೆಸಿದ.

ಮೇಡಂ ಮುಖ ಸಪ್ಪಗಾಯಿತು. "ಫಲಕದಲ್ಲಿ ಇಪ್ಪತ್ತೊಂದೇ ಸಾಲು ಬೆಲ್ಲಣ್ಣ. ಕೊನೇದು ನಿಮಗೇ ಅಂತ ಇಟ್ಟಿದ್ದೆ."

ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ! ಬೆಲ್ಲಣ್ಣ ಪಟ್ಟಿಯ ಕೊನೇ ಸಾಲು ನೋಡಿದ. ಆದರೆ ಅಜ್ಜಿಯನ್ನು ಬಿಟ್ಟುಬಿಡಿ ಅನ್ನಲು ನಾಲಿಗೆ ಹೊರಳಲಿಲ್ಲ.

"ಬೇಜಾರು ಮಾಡ್ಕೋಬೇಡಿ," ಮೇಡಂ ಮೆಲ್ಲಗೆ ಅಂದರು. "ಟೇಕ್ ಇಟ್ ಈಸಿ."

ಬೆಲ್ಲಣ್ಣ ಕಣ್ಣೊರೆಸಿಕೊಂಡು ಏಣಿಗೆ ಕೈ ಹಾಕಿದ. "ಎಲ್ಲಿಂದ ತೆಗೀಬೇಕು ಮೇಡಂ?"