ಸಂಜೆ ಆರರ ಮೇಲಿನ ನಾರ್ವೇಜಿಯನ್

ಸಾಲಹಳ್ಳಿಯಲ್ಲಿ ನಾರ್ವೇಜಿಯನ್ ಭಾಷೆ ಬಲ್ಲವರು ಒಬ್ಬರೇ ಒಬ್ಬರಿದ್ದಾರೆ. ಅವರು ನಮ್ಮ ದೊಡ್ಡವ್ವ. ನಂಬಿಕೆ ಬರಲಿಲ್ಲವೇ? ಹೋಗಿ ಮಾತಾಡಿಸಿ ನೋಡಿ. ಆದರೆ ಸಂಜೆ ಆರರ ಮೇಲೆ ಹೋಗಬೇಕು. ಅದಕ್ಕೂ ಮುಂಚೆ ಹೋದರೆ ಆಕೆಗೆ ಆ ಭಾಷೆಯ ಒಂದಕ್ಷರವೂ ಬರುವುದಿಲ್ಲ!

ಹಳೆ ಸೀರೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ದೊಡ್ಡವ್ವನದು ಎತ್ತಿದ ಕೈ. ಸೀರೆಯೊಂದು ಕೊಂಚ ಮಾಸಿದ್ದು ಕಣ್ಣಿಗೆ ಬಿದ್ದರೆ ಮುಗಿಯಿತು, ಉಟ್ಟವರು ಇನ್ನೂ ಉಟ್ಟುಕೊಂಡಿರುವಾಗಲೇ ಅದರಲ್ಲಿ ಎಷ್ಟು ತುಂಡು ಬಂದೀತೆಂದು ಕಣ್ಣಲ್ಲೇ ಅಳೆಯುತ್ತಾಳೆ. ನನ್ನ ಹೆಂಡತಿ ಸಾಲಹಳ್ಳಿಗೆ ಹೋಗುವಾಗಲೆಲ್ಲ ಹೊಸ ಸೀರೆಯನ್ನೇ ಉಡುತ್ತಾಳೆ. ಅದು ದೊಡ್ಡಸ್ತಿಕೆಯಲ್ಲ, ಆತ್ಮರಕ್ಷಣೆ!

ಈ ಕೌದಿಯ ಹೊಲಿಗೆ ಕಲಿಯಲು ನಾರ್ವೆ ದೇಶದ ಹೆಂಗಸೊಬ್ಬಳು ಬರುತ್ತಾಳೆಂದು ಗೊತ್ತಾಯಿತು. ರಾಮದುರ್ಗದ ಪರಿಚಯದವರೊಬ್ಬರು ವ್ಯವಸ್ಥೆ ಮಾಡಿದ್ದರು. ಎಂಟು ದಿನ ದೊಡ್ಡವ್ವನ ಮನೆಯಲ್ಲೇ ವಸ್ತಿ. ಸುದ್ದಿ ಮುಟ್ಟಿದ ದಿನವೇ ಬೈಲಹೊಂಗಲದಲ್ಲಿದ್ದ ನನಗೆ ಫೋನು ಬಂತು.

“ತಮ್ಮಾ, ನೀ ಇಂಗ್ಲಿಷ್ ಮಾಸ್ತರ ಅದೀಯಲ್ಲ, ನನಗ ನಾರ್ವೆ ಭಾಷಾ ಕಲಸು.”

“ದೊಡ್ಡವ್ವ, ಇಂಗ್ಲಿಷ್ ಬ್ಯಾರೆ, ಅದು ಬ್ಯಾರೆ. ನನಗ ಅದು ಬರೂದಿಲ್ಲ.”

“ಇಂಗ್ಲಿಷ್‌ರ ಎಲ್ಲಿ ಬರತೈತಿ ನಿನಗ? ಆದ್ರೂ ಕಲಸಾಕತ್ತಿಲ್ಲೇನು?”

ಇಪ್ಪತ್ತು ವರ್ಷದ ನನ್ನ ಸೇವೆಯನ್ನು ಇಷ್ಟು ಚುಟುಕಾಗಿ ಯಾರೂ ಬಣ್ಣಿಸಿರಲಿಲ್ಲ. ತೆಪ್ಪಗೆ ಮೊಬೈಲಿನಲ್ಲಿ ಹುಡುಕಿ, ನಾಲ್ಕು ಸಲ ಕೇಳಿಸಿಕೊಂಡು, ಬೆಳಗಿನ ನಮಸ್ಕಾರದಿಂದ ಪಾಠ ಶುರುಮಾಡಿದೆ. ದೊಡ್ಡವ್ವ ತಡೆದಳು.

“ಆಕಿ ಬರೂದು ಸಂಜೀ ಬಸ್ಸಿಗೆ. ಮುಂಜಾನಿದು ತೊಗೊಂಡು ನಾ ಏನ್ ಮಾಡ್ಲಿ? ಸಂಜೀದಷ್ಟ ಹೇಳು.”

ಸಂಜೆಯದು ಮೂರು ಮಾತು ಸಿಕ್ಕವು. ಎದುರಾದಾಗ ‘ಗು ಕ್ವೆಲ್’. ಬೀಳ್ಕೊಡುವಾಗ, ನಿಮ್ಮ ಸಂಜೆ ಚೆನ್ನಾಗಿರಲಿ ಎನ್ನಲು ‘ಹಾ ಎನ್ ಫೀನ್ ಕ್ವೆಲ್’. ಮಲಗಲು ಹೋಗುವಾಗ ‘ಗು ನಾತ್’. ನಡುವಿನದನ್ನು ದೊಡ್ಡವ್ವ ಕೂಡಲೇ ತಳ್ಳಿಹಾಕಿದಳು. “ಇಷ್ಟುದ್ದ ಅಂದು ಮುಗಸೂದ್ರಾಗ ಹೋಗಾಕಿ ರಾಮದುರ್ಗ ಮುಟ್ಟಿರ್ತಾಳ. ಗಿಡ್ಡುವು ಎರಡ ಸಾಕು. ಅಲ್ಲಾ, ಅವರ ಕಡೆ ಸಂಜಿ ಅಂದ್ರ ಎಷ್ಟ ಗಂಟೇಕ?”

ನಾನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಆರಕ್ಕ.” ಆ ಒಂದು ಮಾತು ಮುಂದೆ ಎಷ್ಟು ಕಾಡಿತೆಂದು ನಿಮಗೆ ಗೊತ್ತಾಗಲಿದೆ.

ಅಂದಿನಿಂದ ಅಭ್ಯಾಸ ಶುರು. ಮೊದಲ ಬಲಿ ಎಮ್ಮೆ. ಹಾಲು ಹಿಂಡಲು ಹೋಗಿ ಅದರ ಕಿವಿಯ ಹತ್ತಿರ “ಗು ಕ್ವೆಲ್” ಎಂದಳಂತೆ. ಎಮ್ಮೆ ಒಮ್ಮೆ ತಿರುಗಿ ನೋಡಿ, ಇದು ತನ್ನ ಮನೆಯವರ ದನಿಯಲ್ಲವೆಂದು ತೀರ್ಮಾನಿಸಿ, ಆ ಹೊತ್ತು ಹಾಲು ಕೊಡಲಿಲ್ಲ. ಎರಡನೆಯವರು ದೊಡ್ಡಪ್ಪ. ಹೊಲದಿಂದ ದಣಿದು ಬಂದವರಿಗೆ ಬಾಗಿಲಲ್ಲೇ “ಗು ಕ್ವೆಲ್!” ಎಂಬ ಸ್ವಾಗತ. ಅವರು ಹೊಸ್ತಿಲಲ್ಲೇ ನಿಂತು ಕೇಳಿದರು: “ಯಾಕ, ಈಗ ನಾ ಏನ್ ಮಾಡೇನಿ?”

ಮೂರನೆಯದೇ ನಿಜವಾದ ಅನಾಹುತ. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಕೂತಿದ್ದಳು. ದೊಡ್ಡವ್ವ ಗೋಡೆಯ ಮೇಲಿಂದ ಇಣುಕಿ, ನಗುನಗುತ್ತ “ಗು ನಾತ್!” ಎಂದಳು.

ಆಕೆ ದಡಕ್ಕನೆ ಎದ್ದಳು. “ನಾತ? ಎಲ್ಲಿ ನಾತರೀ ಅಕ್ಕಾರ? ನಮ್ಮ ಗಟಾರ ಮುಂಜಾನೇನ ತೊಳದೇನಿ!”

“ನಾತ ಅಲ್ಲವಾ, ನಾತ್. ಚಲೋ ಮಾತು ಅದು.”

“ನಾತದಾಗ ಚಲೋದೂ ಇರತೈತೇನ್ರೀ?”

ಎರಡು ದಿನ ಮಾತು ಬಂದ್. ಆದರೆ ಗಟಾರ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಅಂತೂ ಅತಿಥಿ ಬರುವ ದಿನ ಬಂತು. ದುಭಾಷಿಯಾಗಲು ನಾನೂ ರಜೆ ಹಾಕಿ ಹೋದೆ. ಐವತ್ತರ ಆಸುಪಾಸಿನ, ಎತ್ತರದ, ನಗುಮುಖದ ಹೆಂಗಸು. ಬೆನ್ನಿಗೆ ಒಂದು ಚೀಲ. ಆದರೆ ಆಕೆ ಮಾಡಿದ ತಪ್ಪೆಂದರೆ, ಸಂಜೆಯ ಬಸ್ಸು ಬಿಟ್ಟು ಮಧ್ಯಾಹ್ನದ ಬಸ್ಸಿಗೇ ಬಂದಿಳಿದದ್ದು! ನಾನು ಅಡುಗೆಮನೆಗೆ ಓಡಿದೆ.

“ದೊಡ್ಡವ್ವ, ಬಂದ್ರು. ಹೊರಗ ಬಾ.”

“ಗಂಟೆ ಎಷ್ಟಾತು?”

“ಮೂರೂವರಿ.”

“ಆರಾಗಲಿ. ಅಲ್ಲೀಮಟಾ ಕುಂದ್ರಸು.”

ಕೈಮುಗಿದೆ, ಬೇಡಿಕೊಂಡೆ, ಆರು ಗಂಟೆ ಎಂದದ್ದು ನನ್ನದೇ ತಪ್ಪು ಎಂದು ಒಪ್ಪಿಕೊಂಡೆ. ಕದಲಲಿಲ್ಲ. “ಕಲತದ್ದು ಎರಡ ಮಾತು. ಅವನ್ನ ಹೊತ್ತಲ್ಲದ ಹೊತ್ತಿನ್ಯಾಗ ಅಂದು ಕೆಡಿಸ್ಕೊಳ್ಳೇನು?”

ಹೊರಗೆ ದೊಡ್ಡಪ್ಪ ಉಪಚಾರಕ್ಕೆ ನಿಂತರು. ಚಹಾ ಕೊಟ್ಟರು. ಅತಿಥಿ ತಲೆಬಾಗಿ “ತಕ್” ಎಂದಳು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

“ಚಾ ಕೊಟ್ರ ಠಕ್ಕ ಅಂತಾಳಲ್ಲೋ! ಸಕ್ರಿ ಕಮ್ಮಿ ಆಗಿದ್ರ ಬಾಯಿಬಿಟ್ಟು ಹೇಳ್ಲಿ!”

“ಹಂಗಲ್ಲ ದೊಡ್ಡಪ್ಪ, ಉಪಕಾರ ಆತು ಅಂದ್ರು.”

ಬಾಳೆಹಣ್ಣು ಕೊಟ್ಟಾಗಲೂ “ತಕ್”. ದೊಡ್ಡಪ್ಪ ಮೂರನೆಯ ಸಲ ಏನನ್ನೂ ಕೊಡಲಿಲ್ಲ.

ಐದಾದರೂ ಮನೆಯೊಡತಿಯ ಸುಳಿವಿಲ್ಲದ್ದನ್ನು ನೋಡಿ ಅತಿಥಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು, ಅವರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು. ಪೂಜೆಯಲ್ಲಿದ್ದಾರೆ ಎಂದೆ. ಎರಡೂವರೆ ತಾಸಿನ ಪೂಜೆ! ಆಕೆ ಅಡುಗೆಮನೆಯ ಬಾಗಿಲಿಗೆ ಬೆನ್ನು ತಿರುಗಿಸದ ಹಾಗೆ ಭಕ್ತಿಯಿಂದ ಸರಿದು ಕೂತಳು.

ಸರಿಯಾಗಿ ಆರಕ್ಕೆ ಬಾಗಿಲು ತೆರೆಯಿತು. ಮದುವೆಗೆ ಹೊರಟವಳಂತೆ ಇಳಕಲ್ಲ ಸೀರೆ, ಹಣೆಯ ತುಂಬ ವಿಭೂತಿ. ದೊಡ್ಡವ್ವ ಅತಿಥಿಯ ಎದುರು ನಿಂತು, ಸೆರಗು ಸರಿಮಾಡಿಕೊಂಡು, ಸ್ಪಷ್ಟವಾಗಿ ಎಂದಳು:

“ಗು ಕ್ವೆಲ್!”

ಅತಿಥಿ ಎದ್ದು ನಿಂತಳು. ಕೈಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆ ಕೆಳಗೆ ಬಿತ್ತು. ಮರುಕ್ಷಣ ನವಿಲುತೀರ್ಥದ ಅಣೆಕಟ್ಟಿನ ಗೇಟು ತೆರೆದ ಹಾಗೆ ನಾರ್ವೇಜಿಯನ್ ಭಾಷೆ ಭೋರ್ಗರೆದು ಬಂತು! ದೊಡ್ಡವ್ವ ಎದೆಗುಂದಲಿಲ್ಲ. “ಹೂಂ... ಹೂಂ... ಖರೇನ...” ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅತಿಥಿ ಮಾತು ಮುಗಿಸಿ ಉತ್ತರಕ್ಕೆ ಕಾದಳು. ದೊಡ್ಡವ್ವನ ಬಳಿ ಉಳಿದದ್ದು ಇನ್ನೊಂದೇ ಮಾತು.

“ಗು ನಾತ್!” ಎಂದವಳೇ ಒಳಗೆ ಹೋಗಿಬಿಟ್ಟಳು.

ಸಂಜೆ ಆರೂಕಾಲಿಗೆ ಅತಿಥಿಗೆ ಮಲಗಲು ಅಪ್ಪಣೆಯಾಯಿತು! ಆಕೆ ಹೊಟ್ಟೆ ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತರೂ ಆ ನೀರು ನಿಲ್ಲಲಿಲ್ಲ. ಎರಡು ತಿಂಗಳಿಂದ ಈ ದೇಶದಲ್ಲಿ ತಿರುಗುತ್ತಿದ್ದೇನೆ, ನನ್ನ ಭಾಷೆಯ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇವತ್ತೇ, ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದಳು.

ಮರುದಿನ ಮಧ್ಯಾಹ್ನ ಅತಿಥಿ ದೊಡ್ಡಪ್ಪನೊಂದಿಗೆ ಹೊಲ ನೋಡಲು ಹೋಗಿದ್ದಳು. ದೊಡ್ಡವ್ವ ಕೌದಿಗೆ ಟಾಕು ಹಾಕುತ್ತ ಕೂತಿದ್ದಳು. ಸೂಜಿಗೆ ದಾರ ಪೋಣಿಸಿಕೊಡುತ್ತ ಕೇಳಿದೆ: “ದುಭಾಷಿ ಅಂತ ನಾ ಇದ್ದೆನಲ್ಲ ದೊಡ್ಡವ್ವ. ಇಷ್ಟೆಲ್ಲಾ ಯಾಕ ಕಲಿಯಾಕ ಹೋದಿ?”

ಆಕೆ ತಲೆ ಎತ್ತಲಿಲ್ಲ.

“ನಾ ಈ ಊರಿಗೆ ಬಂದಾಗ ಹದಿನೇಳು ವರ್ಷ ನನಗ. ಕನ್ನಡ ಒಂದಕ್ಷರ ಬರತಿದ್ದಿಲ್ಲ.”

ದೊಡ್ಡವ್ವನ ತವರು ಕೊಲ್ಲಾಪುರದ ಕಡೆಯದೆಂದು ನನಗೆ ಗೊತ್ತಿತ್ತು. ಆದರೆ ಆಕೆಗೆ ಕನ್ನಡವೇ ಬಾರದ ಕಾಲವೊಂದು ಇತ್ತೆಂಬುದು ಇಷ್ಟು ವರ್ಷ ಹೊಳೆದೇ ಇರಲಿಲ್ಲ.

“ಹಗಲೆಲ್ಲಾ ಕೆಲಸದಾಗ ಹೋಗಿಬಿಡತಿತ್ತು. ಸಂಜಿ ಆತಂದ್ರ ಎಲ್ಲಾರೂ ಕಟ್ಟಿ ಮ್ಯಾಲ ಕುಂತು ಮಾತಾಡೂದು, ನಾ ಒಬ್ಬಾಕಿ ಬಾಯಿ ನೋಡ್ಕೋತ ಕುಂದ್ರೂದು. ಒಂದಿನ ಸಂಜಿಮುಂದ ಬಳಿಗಾರ ಬಂದ. ನನ್ನ ಕೈ ಹಿಡದು ಬಳಿ ಏರಸ್ಕೋತ ‘ಕಶೀ ಆಹೇಸ್ ಬಾಳ?’ ಅಂದ. ಹೆಂಗದಿ ಮಗಳ, ಅಂತ. ನಾ ಹೋ ಅಂತ ಅತ್ತಬಿಟ್ಟೆ. ಪಾಪ, ಬಳಿ ಒಡದು ಚುಚ್ಚೇತಿ ಅಂತ ಗಾಬರಿಯಾಗಿ ನನ್ನ ಕೈ ಹೊಳ್ಳಿಸಿ ಹೊಳ್ಳಿಸಿ ನೋಡಿದ. ನಾ ತಡೀಲಿಲ್ಲ, ಅವ್ವಂದು, ಅಪ್ಪಂದು, ನಮ್ಮೂರ ಬಾವೀದು ಎಲ್ಲಾ ಮರಾಠಿ ಒಳಗ ಹೇಳ್ಕೋತ ಹೋದ್ನಿ. ಅಂವಾ ಸುಮ್ಮನ ಹೂಂ ಹೂಂ ಅಂದ.”

ದೊಡ್ಡವ್ವ ದಾರವನ್ನು ಹಲ್ಲಿನಿಂದ ಕಡಿದಳು.

“ಆಮ್ಯಾಲ ತಿಳೀತು. ಅಂವಗ ಬರೂ ಮರಾಠಿ ಅದೊಂದ ಮಾತು. ಆದ್ರ ಅವತ್ತ ಸಂಜೀಕ ನನಗ ಅಷ್ಟ ಸಾಕಾತ ನೋಡ ತಮ್ಮಾ.”